ಗಲಾಟೆಯ ವಾದ್ಯವೆಂಬ ಅಪವಾದ

ಕಾಸರಗೋಡಿನ ಹಳ್ಳಿಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವನಿಗೆ ಗಲಾಟೆಯವನೆಂಬ ಬಿರುದು ಪುಕ್ಕಟೆ. ನೀರ್ಚಾಲಿನಿಂದ ಬಂದ ಸೋದರಮಾವ ಗೋಡೆಯಲ್ಲಿ ತೂಗುತ್ತಿದ್ದ ಗಿಟಾರನ್ನು ನೋಡಿ, "ಇದನ್ನು ಬಾರಿಸಿದರೆ ತೋಟದ ಮಂಗಗಳಾದರೂ ಓಡುತ್ತವೆಯೇ?" ಎಂದು ಕೇಳಿದರು. "ಇಲ್ಲ ಮಾವ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಕೇಳಿಸುವುದಿಲ್ಲ" ಎಂದೆ. ಅವರು ನಂಬಲಿಲ್ಲ.

ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ವಾದ್ಯವೊಂದಿದ್ದರೆ ಅದು ಗಟ್ಟಿ ಒಡಲಿನ ಈ ಎಲೆಕ್ಟ್ರಿಕ್ ಗಿಟಾರೇ ಎಂಬುದು ನನ್ನ ವಾದ. ವೀಣೆಗೆ ಕೊಡವಿದೆ, ಚೆಂಡೆಗೆ ಹಲಸಿನ ಮರ ಕೊರೆದ ಗೂಡಿದೆ, ಸಾಮಾನ್ಯ ಗಿಟಾರಿಗೆ ತೆಳು ಹಲಗೆಯ ಪೆಟ್ಟಿಗೆಯಿದೆ. ಇದಕ್ಕೆ ಅಂಥ ಟೊಳ್ಳೇ ಇಲ್ಲ. ಇರುವುದು ಸುಮಾರು ಒಂದೂಮುಕ್ಕಾಲು ಇಂಚು ದಪ್ಪದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ತೀರಾ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಊರಿಗೆಲ್ಲ ಕೇಳಿಸುವುದೋ ಹೆಡ್‌ಫೋನಿನೊಳಗೇ ಮುಗಿಸುವುದೋ ಬಾರಿಸುವವನಿಗೆ ಬಿಟ್ಟದ್ದು. ಜಾತ್ರೆಯ ಗಾನಮೇಳಗಳಲ್ಲಿ ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸುವವರಿಂದ ಇದಕ್ಕೆ ಕೆಟ್ಟ ಹೆಸರು ಬಂತು, ಅಷ್ಟೇ.

ತಮಾಷೆಯೆಂದರೆ, ಇದರ ಒಡಲು ಗಟ್ಟಿಯಾದದ್ದೇ ಗಲಾಟೆಯೊಂದನ್ನು ಅಡಗಿಸಲು. ಯಕ್ಷಗಾನದ ಬಯಲಿನಲ್ಲಿ ಮೈಕು ಸ್ಪೀಕರಿಗೆ ಎದುರಾದಾಗ ಕಿವಿ ಸೀಳುವಂತೆ ಕಿರುಚುತ್ತದಲ್ಲ? ಟೊಳ್ಳು ಗಿಟಾರಿಗೆ ವಿದ್ಯುತ್ ಜೋಡಿಸಿ ಧ್ವನಿ ಏರಿಸಿದಾಗಲೂ ಅದೇ ಪಾಡು: ಸ್ಪೀಕರಿನ ಸದ್ದಿಗೆ ಪೆಟ್ಟಿಗೆ ಅದುರಿ, ತಂತಿ ಅದುರಿ, ಅದೇ ಸದ್ದು ಮತ್ತೆ ಸ್ಪೀಕರಿಗೆ ಹೋಗುತ್ತದೆ. 1940ರ ಸುಮಾರಿಗೆ ಅಮೆರಿಕದ ವಾದಕ ಲೆಸ್ ಪಾಲ್ ಪೈನ್ ಮರದ ತೊಲೆಯೊಂದಕ್ಕೇ ತಂತಿ ಬಿಗಿದು, ನೋಡಲು ಗಿಟಾರಿನಂತಿರಲಿ ಎಂದು ಅದರ ಇಕ್ಕೆಲಗಳಿಗೆ ಗಿಟಾರಿನ ಹೋಳುಗಳನ್ನು ಅಂಟಿಸಿದರು. ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ಗಟ್ಟಿ ಒಡಲಿನ ಗಿಟಾರಿಗೆ ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರಾಯಿತು. ಆ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ನನ್ನಂಥವರಿಗೆ ಎಷ್ಟು ಸಮಾಧಾನ.

ಮಳೆಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. ಜೂನ್ ಬಂತೆಂದರೆ ಪೆಟ್ಟಿಗೆ ಗಿಟಾರಿನ ತೆಳು ಹಲಗೆ ತೇವ ಕುಡಿದು ಉಬ್ಬುತ್ತದೆ, ಅಂಟು ಬಿಡುವುದೂ ಉಂಟು. ಗಟ್ಟಿ ಹಲಗೆಗೆ ಆ ಚಿಂತೆ ಕಡಿಮೆ. ಕತ್ತು ಮಾತ್ರ ಚೂರು ಬಾಗುತ್ತದೆ. ಅದರೊಳಗಿನ ಉಕ್ಕಿನ ಸರಳನ್ನು ಅಲೆನ್ ಕೀಯಿಂದ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯುವುದನ್ನು ಯಾರಿಂದಲೂ ತಪ್ಪಿಸಲಾಗದು, ಒರೆಸುತ್ತಿರಬೇಕು. ಇನ್ನು ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರೆ ನನ್ನ ಗಿಟಾರ್ ಗುಂಯ್‌ಗುಡುತ್ತದೆ. ಈ ಗುಂಯ್‌ಗೆ ಮದ್ದಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಒಂದರ ಗದ್ದಲವನ್ನು ಇನ್ನೊಂದರಿಂದ ಕಳೆದಿದ್ದರು. ನನ್ನದರಲ್ಲಿರುವುದು ಒಂಟಿ ಸುರುಳಿ. ಸೆಖೆ ತಡೆದುಕೊಂಡು ಫ್ಯಾನ್ ಆರಿಸುತ್ತೇನೆ.

"ಕರೆಂಟಿನ ವಾದ್ಯದಲ್ಲಿ ಗಮಕ ಎಲ್ಲಿ ಬರುತ್ತದೆ?" ಎನ್ನುವವರಿಗೆ ಯು. ಶ್ರೀನಿವಾಸ್ ಎಂದೋ ಉತ್ತರ ಕೊಟ್ಟಿದ್ದಾರೆ. ಅವರು ಕರ್ನಾಟಕ ಸಂಗೀತ ನುಡಿಸಿ ಹೆಸರಾದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ. ಪಕ್ಕದ ಮಂಗಳೂರು ಸೀಮೆಯ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನೇ ಪಳಗಿಸಲಿಲ್ಲವೇ? ವೀಣೆಯಂತೆ ಇಲ್ಲಿಯೂ ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ತೂಗಬಹುದು. ಅದಕ್ಕೆ ತೆಳು ತಂತಿ ಬೇಕು, ಅಷ್ಟೇ ತಾಳ್ಮೆ ಬೇಕು.

ಮಕ್ಕಳು ಗಿಟಾರ್ ಕೇಳಿದಾಗ "ಎಲೆಕ್ಟ್ರಿಕ್ ಬೇಡ, ಸದ್ದು" ಎಂದು ಪೆಟ್ಟಿಗೆ ಗಿಟಾರ್ ಕೊಡಿಸುವ ಹಿರಿಯರೇ, ಮನೆಯಿಡೀ ಕೇಳಿಸುವುದು ಆ ಪೆಟ್ಟಿಗೆಯೇ. ಗಟ್ಟಿ ಒಡಲಿನದನ್ನು ಕೊಡಿಸಿ. ದೊಡ್ಡ ಆಂಪ್ಲಿಫೈಯರ್ ಮಾತ್ರ ಕೊಡಿಸಬೇಡಿ, ಹೆಡ್‌ಫೋನ್ ಜೋಡಿಸಬಹುದಾದ ಸಣ್ಣದು ಸಾಕು. ಉಳಿದ ಹಣದಲ್ಲಿ ಒಂದೆರಡು ಸೆಟ್ ತಂತಿ ತೆಗೆದಿಡಿ. ಜಡಿಮಳೆಯ ಆಟಿ ತಿಂಗಳಲ್ಲಿ ಬೇಕಾಗುತ್ತವೆ.