ಒಳಗೆ ಬಂದ ನಾಯಿ ಹೊರಗೆ ಹೋಗುವ ದಾರಿ

ಬರ್ಲಿನ್ನಿನ ಫಾಲ್ಕೆನ್‌ಬರ್ಗ್‌ನಲ್ಲಿ ಸುಮಾರು 16 ಹೆಕ್ಟೇರಿನ ಪ್ರಾಣಿ ಆಶ್ರಯಧಾಮವಿದೆ. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ ಎಲ್ಲರದೂ ಒಂದೇ ಮಾತು: "ನಮ್ಮಲ್ಲೂ ಇಂಥದ್ದೊಂದು ಕಟ್ಟಿ, ಬೀದಿ ನಾಯಿಗಳನ್ನೆಲ್ಲ ತುಂಬಿಬಿಟ್ಟರೆ ಆಯ್ತಲ್ಲ?"

ಆಗುವುದಿಲ್ಲ. ಇಲ್ಲಿರುವುದು ಹೆಚ್ಚಾಗಿ ಮಾಲೀಕರು ಸಾಕಲಾರದೆ ಬಿಟ್ಟುಹೋದ, ತಪ್ಪಿಸಿಕೊಂಡ, ಅಧಿಕಾರಿಗಳು ವಶಕ್ಕೆ ತೆಗೆದುಕೊಂಡ ನಾಯಿಗಳು. ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿ ಜರ್ಮನಿಯಲ್ಲಿ ಕಾಣಸಿಗುವುದೇ ಅಪರೂಪ. ಬೆಂಗಳೂರಿನಲ್ಲೋ, 2023ರ ಗಣತಿಯ ಪ್ರಕಾರ ಸುಮಾರು 2.79 ಲಕ್ಷ. ಅಷ್ಟಕ್ಕೂ ಶೆಡ್ ಕಟ್ಟುವುದಿರಲಿ, ಒಂದು ಹೊತ್ತಿನ ಅನ್ನದ ಲೆಕ್ಕ ಹಾಕಿ ನೋಡಿ.

ನನ್ನ ಅಕ್ಕನ ಮಗಳು ತುಮಕೂರಿನ ಹೊರಗೆ ಚಿಕ್ಕದೊಂದು ಶೆಲ್ಟರ್ ನಡೆಸುತ್ತಾಳೆ. ನುಚ್ಚಕ್ಕಿ, ಕೋಳಿ ಅಂಗಡಿಯಲ್ಲಿ ಮಿಕ್ಕ ಕಾಲು-ತಲೆ, ಚಿಟಿಕೆ ಅರಿಸಿನ ಹಾಕಿ ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಬೇಯಿಸಬೇಕು. ಆದರೆ ಅವಳನ್ನು ಹಣ್ಣು ಮಾಡುವುದು ಅಡುಗೆಯಲ್ಲ, ಗೇಟು. ಬೆಳಗಾಗುವಷ್ಟರಲ್ಲಿ ಗೋಣಿಚೀಲದಲ್ಲಿ ಮರಿಗಳನ್ನು ತಂದಿಟ್ಟು ಹೋಗಿರುತ್ತಾರೆ, ಬಹುಪಾಲು ಹೆಣ್ಣು ಮರಿಗಳು. ಅವುಗಳಲ್ಲಿ ಒಂದಕ್ಕೆ ಪಾರ್ವೊ ಎಂಬ ವೈರಸ್ ರೋಗ ಇದ್ದರೂ ಸಾಕು, ಲಸಿಕೆಯಾಗದ ಮರಿಗಳಿಗೆಲ್ಲ ಹಬ್ಬುತ್ತದೆ. ಹಾಗಾಗಿ ಹೊಸದಾಗಿ ಬಂದವನ್ನು ಬೇರೆ ಕಡೆ ಇಡಲೇಬೇಕು. ಜಾಗ ತುಂಬಿದ ಶೆಲ್ಟರಿನಲ್ಲಿ ಮೊದಲು ಹೋಗುವುದೇ ಆ ಬೇರೆ ಜಾಗ.

ಬರ್ಲಿನ್ನಿನವರಿಂದ ಕಲಿಯಬೇಕಾದದ್ದು ಕಟ್ಟಡವನ್ನಲ್ಲ, ನಾಯಿಯನ್ನು ಹೊರಗೆ ಕಳಿಸುವ ಶ್ರದ್ಧೆಯನ್ನು. ಪ್ರತಿ ನಾಯಿಗೂ ಒಂದು ಪರಿಚಯ ಬರೆದಿರುತ್ತಾರೆ: ಮಕ್ಕಳ ಜೊತೆ ಹೇಗೆ, ಬೆಕ್ಕು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ. ಒಯ್ಯುವವರು ಮೊದಲು ಬಂದು ಅದರ ಜೊತೆ ಅಡ್ಡಾಡಬೇಕು, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ತರಬೇಕು, ದುಡ್ಡು ಕಟ್ಟಿ ಕರಾರಿಗೆ ಸಹಿ ಹಾಕಬೇಕು. ಕೆಲವು ಕಡೆ ಇದು ಅತಿಯಾಗುತ್ತದೆ. ಹೆಣ್ಣು ಕೊಡುವ ಮನೆಯವರೂ ಇಷ್ಟು ವಿಚಾರಿಸಲಿಕ್ಕಿಲ್ಲ. ನಮ್ಮಲ್ಲಿ ಇದರ ಉಲ್ಟಾ: ಭಾನುವಾರದ ಅಡಾಪ್ಷನ್ ಕ್ಯಾಂಪಿನಲ್ಲಿ ಮರಿ ಮುದ್ದಾಗಿದೆಯೆಂದು ಎತ್ತಿಕೊಂಡು ಹೋಗುತ್ತಾರೆ, ಬೆಳೆದ ಮೇಲೆ ಅದು ಮತ್ತೆ ಬೀದಿಗೆ. ನಾಟಿ ನಾಯಿಯನ್ನಂತೂ ಕೇಳುವವರೇ ಕಡಿಮೆ, ಎಲ್ಲರಿಗೂ ಲ್ಯಾಬ್ರಡಾರೇ ಬೇಕು.

ಹಾಗೆಂದು ಎಲ್ಲ ಬೀದಿ ನಾಯಿಗೂ ಮನೆ ಹುಡುಕಬೇಕಾಗಿಲ್ಲ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು. ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರಿಗೆ ಸಾಗಿಸಿ ಎಂದು 2025ರ ಆಗಸ್ಟ್ 11ರಂದು ಹೇಳಿದ್ದ ಸುಪ್ರೀಂ ಕೋರ್ಟ್, 22ರಂದು ಅದನ್ನು ಸಡಿಲಿಸಿ, ರೇಬೀಸ್ ತಗುಲಿದವನ್ನೂ ಮೇಲೆರಗುವಂಥವನ್ನೂ ಬಿಟ್ಟು ಉಳಿದವನ್ನು ಲಸಿಕೆ, ಶಸ್ತ್ರಚಿಕಿತ್ಸೆಯ ನಂತರ ವಾಪಸ್ ಬಿಡಲು ಹೇಳಿತು. ಇದರಿಂದ ಕಚ್ಚಿಸಿಕೊಂಡವರ ಸಿಟ್ಟೇನೂ ಇಳಿಯುವುದಿಲ್ಲ, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ಪಾಲಿಕೆ. ಚಿಕ್ಕ ಶೆಲ್ಟರಿನಲ್ಲಿ ಇರಬೇಕಾದದ್ದು ಬೀದಿಗೆ ಮರಳಲಾಗದ ಕುರುಡು, ಕುಂಟು, ಮುದಿ ನಾಯಿಗಳು, ಮನೆಯವರು ಹೊರದಬ್ಬಿದ ಜಾತಿ ನಾಯಿಗಳು, ಅಷ್ಟೇ.

ಅಕ್ಕನ ಮಗಳೂ ಈಗ ಒಂದು ಹೋಗದೆ ಇನ್ನೊಂದನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುತ್ತಾಳೆ. ಊರವರು ಕಲ್ಲು ಮನಸ್ಸಿನವಳು ಅನ್ನುತ್ತಾರಂತೆ. ನಾನು ಕಳಿಸುವ ದುಡ್ಡಿನಲ್ಲಿ ಶೆಡ್ ಕಟ್ಟಬೇಡ, ಆಸುಪಾಸಿನ ನಾಯಿಗಳಿಗೆ ಆಪರೇಷನ್ ಮಾಡಿಸು ಅಂದಿದ್ದೇನೆ. "ಸರಿ ಮಾವ" ಅಂದಳು. ಮಳೆಗಾಲಕ್ಕೆ ಮುಂಚೆ ಶೆಡ್ಡೂ ಎದ್ದಿರುತ್ತದೆ ಬಿಡಿ.