ಶೆಡ್ಡಿಗೆ ವಯಸ್ಸಾಗಬೇಕು

ಮೊನ್ನೆ ಒಂದು ಗೂಡ್ಸ್ ಶೆಡ್ ಕಟ್ಟಿ ಮುಗಿಸಿದೆ. ಅಂಗೈ ಮೇಲೆ ನಿಲ್ಲುವಷ್ಟು ದೊಡ್ಡದು. ಹಲಗೆಗಳೆಲ್ಲ ನೆಟ್ಟಗೆ, ಮೂಲೆಗೆ ಮೂಲೆ ಸರಿಯಾಗಿ ಕೂತಿದ್ದವು. ಎಷ್ಟು ಚೆನ್ನಾಗಿತ್ತೆಂದರೆ, ನೋಡಿ ಬೇಜಾರಾಯಿತು. ಈಗ ಇದನ್ನು ಕೆಡಿಸಬೇಕಲ್ಲ!

ಮಾದರಿ ರೈಲಿನ ಹುಚ್ಚು ಹತ್ತಿದವರಿಗೆ, ಅದರಲ್ಲೂ ನ್ಯಾರೋ ಗೇಜಿನ, ಅಂದರೆ ಕಿರಿದಾದ ಹಳಿಯ ರೈಲಿನವರಿಗೆ, ಹೊಸದು ಕಂಡರೆ ಆಗದು. ನಿಜವಾದ ನ್ಯಾರೋ ಗೇಜ್ ಹೋಗುತ್ತಿದ್ದದ್ದೇ ಗಣಿಗೆ, ದಿಮ್ಮಿ ಕಡಿಯುವ ಕಾಡಿಗೆ, ದೊಡ್ಡ ರೈಲು ಹತ್ತಲಾಗದ ಬೆಟ್ಟಕ್ಕೆ. ಸ್ಟ್ಯಾಂಡರ್ಡ್ ಗೇಜಿನ ಹಳಿಗಳ ನಡುವೆ 1,435 ಮಿಲಿಮೀಟರ್ ಇದ್ದರೆ, ಇದಕ್ಕೆ 914, 762, ಕೆಲವು ಕಡೆ 610 ಸಾಕು. ಹಳಿ ಹತ್ತಿರವಾದರೆ ತಿರುವು ಬಿಗಿಯಾಗಿ ಹಾಕಬಹುದು. ಬೆಟ್ಟ ಕಡಿಯುವ ಕೆಲಸ ಕಡಿಮೆ, ಖರ್ಚೂ ಕಡಿಮೆ. ಹಳಿಯಲ್ಲೇ ಇಷ್ಟು ಲೆಕ್ಕ ಹಾಕಿದವರು ಶೆಡ್ಡಿಗೆ ಕೈ ಬಿಚ್ಚುತ್ತಾರಾ? ಕೈಗೆ ಸಿಕ್ಕ ಹಲಗೆ, ಮೇಲೊಂದು ತಗಡು, ಮುಗೀತು. ಬಣ್ಣ ಹಚ್ಚಿದರೆ ಹಚ್ಚಿದರು, ಇಲ್ಲದಿದ್ದರೆ ಇಲ್ಲ. ಮಿಕ್ಕಿದ್ದನ್ನು ಮಳೆ, ಬಿಸಿಲು ನೋಡಿಕೊಂಡವು.

ಐವತ್ತು ವರ್ಷದ ಆ ಮಳೆ ಬಿಸಿಲನ್ನು ನಾನು ಒಂದು ಭಾನುವಾರದಲ್ಲಿ ತರಿಸಬೇಕು. ಮೊದಲು ತಂತಿ ಬ್ರಷ್ಷಿನಿಂದ ಹಲಗೆಯ ಮೇಲೆ ಉದ್ದಕ್ಕೆ ಎಳೆದು ಮರದ ಗೆರೆ ಮೂಡಿಸುವುದು. ಇಲ್ಲಿ ಜೋರು ತೋರಿಸಬಾರದು. ನನ್ನದು 1:87ರ ಅಳತೆ, ಅಂದರೆ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಎರಡು ಮೀಟರ್ ಬಾಗಿಲು 23 ಮಿಲಿಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ಆಳ ಗೀರಿದರೆ ಶೆಡ್ಡಿನ ಒಳಗಿರುವವನ ಲೆಕ್ಕದಲ್ಲಿ ಅದು ನಾಲ್ಕು ಸೆಂಟಿಮೀಟರ್ ಹಳ್ಳ. ಪಾಪ, ಚಳಿಗಾಲದಲ್ಲಿ ಅವನ ಗತಿ?

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಕೆಲವೇ ಹನಿ ಕಪ್ಪು ಇಂಡಿಯಾ ಇಂಕ್ ಬೆರೆಸಿ ಬಳಿಯುವುದು. ಗೆರೆಗಳ ಒಳಗೆ ಕಪ್ಪು ಕೂತು, ಮರ ಬಿಸಿಲಿಗೆ ಬಿದ್ದ ಬೇಲಿಯ ಗೂಟದಂತೆ ಬೂದು ತಿರುಗುತ್ತದೆ. ಹಲಗೆಯ ಎರಡೂ ಬದಿಗೆ ಬಳಿಯಬೇಕು. ಒಂದೇ ಬದಿ ನೆನೆದರೆ ದೋಣಿಯ ಹಾಗೆ ಬಾಗುತ್ತದೆ. ಸ್ಟೀಲ್ ವೂಲನ್ನು ವಿನೆಗರ್‌ನಲ್ಲಿ ನೆನೆಹಾಕಿ ಆ ನೀರು ಹಚ್ಚುವವರೂ ಇದ್ದಾರೆ. ಕಬ್ಬಿಣದ ಅಂಶ ಮರದ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಬಣ್ಣ ಕಪ್ಪಾಗುತ್ತದೆ. ವಾಸನೆ ತಡೆಯುವ ಮೂಗು ಇದ್ದರೆ ಮಾಡಿ.

ಕೆಲಸ ನಿಜವಾಗಿ ಕಷ್ಟವಾಗುವುದು ಇದರ ನಂತರ. ಮೊದಮೊದಲು ನಾನು ಕಂದು ಬಣ್ಣ ಕಲಸಿ ಎಲ್ಲ ಕಡೆ ಸಮನಾಗಿ ಮೆತ್ತುತ್ತಿದ್ದೆ. ಕಟ್ಟಡ ಹಳೆಯದಾಗಿ ಕಾಣುತ್ತಿರಲಿಲ್ಲ, ಸುಮ್ನೆ ಕೆಸರಲ್ಲಿ ಬಿದ್ದು ಎದ್ದಂತಿತ್ತು. ಕಲೆಗೂ ಒಂದು ಕಾರಣ ಬೇಕು ಅಂತ ತಿಳಿಯಲು ಎರಡು ವರ್ಷ ಹಿಡಿಯಿತು. ತುಕ್ಕು ಮೊಳೆಯಿಂದ ಹೊರಟು ಕೆಳಗೇ ಇಳಿಯಬೇಕು. ಗೋಡೆಯ ಬುಡಕ್ಕೆ ಮಣ್ಣು, ಯಾಕೆಂದರೆ ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುತ್ತದೆ. ಸೂರಿನ ಕೆಳಗಿನ ಹಲಗೆಗೆ ನೆರಳಿದೆ, ಅಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ. ಮಸಿ ಇಂಜಿನ್ ನಿಲ್ಲುವ ಕಡೆಯೇ ಜಾಸ್ತಿ. ಬಾಗಿಲ ಚೌಕಟ್ಟು ಸೊಂಟದೆತ್ತರದಲ್ಲಿ ಸವೆದಿರಬೇಕು, ಮೂಟೆ ಹೊತ್ತವರು ಉಜ್ಜಿಕೊಂಡೇ ಹೋಗುತ್ತಿದ್ದರಲ್ಲ. ಹೀಗೆ ಯೋಚಿಸುತ್ತಾ ಕೂತರೆ ಒಂದು ಗೋಡೆಗೆ ಒಂದು ಸಂಜೆ ಹೋಗುತ್ತದೆ. ನಾನೇನೂ ದೂರುತ್ತಿಲ್ಲ.

ಹೀಗೆ ಹಳೆಯದು ಮಾಡುವ ಕಲೆಯನ್ನು ಬಹಳ ಮುಂದೆ ಒಯ್ದವರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಅಲೆನ್ ಒಬ್ಬರು. ತಮ್ಮ ಪುಟ್ಟ ರೈಲಿಗೆ ಅವರು ಇಟ್ಟ ಹೆಸರನ್ನು ಜೋರಾಗಿ ಓದಿದರೆ ಇಂಗ್ಲಿಷಿನ 'ಗೋರಿ ಅಂಡ್ ಡಿಫೀಟೆಡ್' ಅಂತ, ಅಂದರೆ 'ರಕ್ತಸಿಕ್ತ, ಸೋತದ್ದು' ಅಂತ ಕೇಳಿಸುತ್ತದೆ. ಹೊಳೆಯುವ ಆಟಿಕೆಗಳ ಕಾಲದಲ್ಲಿ ಅವರ ಬೋಗಿಗಳು, ಮನೆಗಳು ಧೂಳು ಮಸಿ ಮೆತ್ತಿಕೊಂಡು ನಿಂತಿದ್ದವು. 1973ರಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ಪುಟ್ಟ ರೈಲಿನ ಬಹುಭಾಗ ಹೋಯಿತು. ಅಷ್ಟು ವರ್ಷ ನಾಜೂಕಾಗಿ ಹಚ್ಚಿದ ಮಸಿಯ ಮೇಲೆ ನಿಜವಾದ ಮಸಿ. ಇದನ್ನು ನೆನೆದಾಗಲೆಲ್ಲ ಕೈಯಲ್ಲಿದ್ದ ಬ್ರಷ್ಷು ಒಂದು ಗಳಿಗೆ ನಿಲ್ಲುತ್ತದೆ.

ಧೂಳಿನ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ನಮ್ಮ ಮನೆಯ ಧೂಳು ಈ ಶೆಡ್ಡಿಗೆ ಆಗಿಬರುವುದಿಲ್ಲ. ಬಟ್ಟೆಯ ಒಂದು ನೂಲೆಳೆ ಚಾವಣಿ ಮೇಲೆ ಬಿದ್ದರೆ ಹಡಗಿನ ಹಗ್ಗ ಬಿದ್ದಂತೆ ಕಾಣುತ್ತದೆ. ಹಾಗಾಗಿ ಮೆತ್ತನೆಯ ಬ್ರಷ್ಷಿನಿಂದ ನಿಜವಾದ ಧೂಳು ಒರೆಸಿ, ಚಾಕ್ ಪುಡಿಯಿಂದ ಸುಳ್ಳು ಧೂಳು ಹಚ್ಚುತ್ತೇನೆ. ಇದನ್ನು ನೋಡಿದ ಮನೆಯವರು ಕಪಾಟಿನ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಒರೆಸಲು ನನಗೆ ಪುರುಸೊತ್ತಿಲ್ಲ.

ಈ ಶೆಡ್ಡಿನಲ್ಲಿ ಒಂದು ಎಡವಟ್ಟೂ ಆಯಿತು. ಹೊಳಪಿಲ್ಲದ ವಾರ್ನಿಷ್ ಹೊಡೆದು ಒಣಗಿದ ಮೇಲೆ, ಇನ್ನೊಂದು ಕೈ ಇರಲಿ ಅಂತ ಮತ್ತೆ ಆಲ್ಕೋಹಾಲ್ ಇಂಕ್ ಬಳಿದೆ. ಬಲಗಡೆಯ ಒಂದು ಹಲಗೆ ಬೂಷ್ಟು ಹಿಡಿದಂತೆ ಬೆಳ್ಳಗಾಯಿತು. ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ಅದನ್ನು ಕಿತ್ತು ಹೊಸ ಹಲಗೆ ಕೂರಿಸಿದೆ. ಬೂದು ಗೋಡೆಯ ನಡುವೆ ಅದೊಂದೇ ಹಳದಿ.

ಅದನ್ನೂ ಹಳೆಯದು ಮಾಡೋಣ ಅಂತ ಬ್ರಷ್ಷು ಅದ್ದಿದವನು ಹಾಗೇ ಇಟ್ಟುಬಿಟ್ಟೆ. ಹೋದ ವಾರ ಯಾರೋ ಬಂದು ಮುರಿದ ಹಲಗೆ ಬದಲಿಸಿ ಹೋಗಿದ್ದಾರೆ. ಪೇಂಟಿನ ಡಬ್ಬ ಮುಂದಿನ ಗಾಡಿಗೆ ಬರಬೇಕು. ಆ ಗಾಡಿಯೋ, ಬಿಗಿ ತಿರುವಿನಲ್ಲಿ ಇನ್ನೂ ದಿನಾ ಹಳಿ ತಪ್ಪುತ್ತಿದೆ.