ಸಂಬಳ ಕೊಡಿ, ಸನ್ಮಾನ ಮಾಡಿ, ಆದ್ರೆ ನಾಲ್ಕನೇ ಕ್ರಮಾಂಕ ಕೊಡಬೇಡಿ

ಏಂಜಲ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ನಮ್ಮ ಸ್ಟಾರ್ ಬ್ಯಾಟರ್ ಮೈಕ್ ಟ್ರೌಟ್ ಕಡೆಗೇ ಹೊರಳುತ್ತದೆ. ಸ್ವಲ್ಪ ಹೊತ್ತಿಗೆ ಜಗಳವೂ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಈ ಆರೆಂಜ್ ಕೌಂಟಿಯಲ್ಲಿ ಇದೇನೂ ಹೊಸದಲ್ಲ. ಟ್ರೌಟ್ ಮೂರು ಸಲ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದವನು. 2019ರಲ್ಲಿ ತಂಡ ಅವನ ಜೊತೆ 12 ವರ್ಷಕ್ಕೆ 42.65 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದು ಮುಗಿಯುವುದು 2030ಕ್ಕೆ. ಆಗ ಅವನಿಗೆ 39. ಮಂಡಿ ಈಗಾಗಲೇ ಕೈಕೊಟ್ಟಿದೆ. 2025ರಲ್ಲಿ 26 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ, ನಿಜ. ಆದರೆ ಸರಾಸರಿ ಬರೀ .232. ಪ್ರತಿ ಸಾವಿರ ಪ್ರಯತ್ನಕ್ಕೆ 232 ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಅನ್ನುವ ಗುರುತಿಗೆ ಓಡಿ ಸೇರಿದ್ದು. ಟ್ರೌಟ್ ಹೆಸರಿನ ಪಕ್ಕ ಆ ಅಂಕಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಗುಂಪು ಹೇಳುತ್ತದೆ, ಅವನು ನಮ್ಮ ದೇವರು, ಎಲ್ಲಿ ಆಡುತ್ತೇನೆ ಅಂತಾನೋ ಅಲ್ಲಿ ಆಡಲಿ ಬಿಡಿ. ಇನ್ನೊಂದು ಗುಂಪು ಹೇಳುತ್ತದೆ, ಸಾಕು, ಎಲ್ಲಿಗಾದರೂ ಕಳಿಸಿ, ಹೊಸ ಹುಡುಗರು ಬರಲಿ. ನನಗೆ ಎರಡೂ ಒಪ್ಪಿಗೆ ಇಲ್ಲ. ಯಾಕಂದರೆ ಇದೇ ಜಗಳವನ್ನು ಇದೇ ಊರಿನಲ್ಲಿ ಆಲ್ಬರ್ಟ್ ಪುಹೋಲ್ಸ್ ವಿಷಯಕ್ಕೆ ಹತ್ತು ವರ್ಷ ಆಡಿದ್ದೇವೆ. ಅದರಿಂದ ಯಾರೂ ಏನೂ ಕಲಿತ ಹಾಗೆ ಕಾಣುತ್ತಿಲ್ಲ.

ಬೇಸ್‌ಬಾಲ್ ನೋಡದವರಿಗೆ ಪುಹೋಲ್ಸ್ ಯಾರು ಅಂತ ಹೇಳಿಬಿಡುತ್ತೇನೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದವನು. 2001ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಬಂದ. ಅಲ್ಲಿ ಆಡಿದ 11 ವರ್ಷದಲ್ಲಿ 445 ಹೋಮ್ ರನ್, ಮೂರು ಎಂವಿಪಿ, ಎರಡು ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್ ಗೆಲುವು. ಆ ಕಾಲದಲ್ಲಿ ಅವನಿಗೆ ಬೌಲ್ ಮಾಡುವುದು, ಅಂದರೆ ಪಿಚ್ ಮಾಡುವುದು, ಒಂದು ಶಿಕ್ಷೆ. 2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ ಅವನನ್ನು 10 ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಆಗ ಅವನಿಗೆ 32 ತುಂಬುವುದರಲ್ಲಿತ್ತು. ಊರಿಗೆ ಊರೇ ಹಬ್ಬ ಮಾಡಿತು.

ಆಮೇಲೆ ಶುರುವಾಯಿತು ಇಳಿಜಾರು. ಪಾದದ ನೋವು, ಶಸ್ತ್ರಚಿಕಿತ್ಸೆ, ಮತ್ತೆ ನೋವು. ಓಟ ಅನ್ನುವುದು ನಡಿಗೆಯಾಯಿತು. ಬೇರೆಯವರು ಓಡಿ ಬೇಸ್ ಮುಟ್ಟುವ ಚೆಂಡಿಗೆ ಇವನು ಔಟ್, ಜೊತೆಗೆ ಮುಂದಿನ ಬೇಸ್‌ನಲ್ಲಿ ನಿಂತವನೂ ಔಟ್. ಹೀಗೆ ಡಬಲ್ ಪ್ಲೇ ಕೊಟ್ಟವರ ಪಟ್ಟಿಯಲ್ಲಿ ಇಡೀ ಲೀಗಿನ ಇತಿಹಾಸದಲ್ಲೇ ಇವನು ಮೊದಲಿಗ.

ಬ್ಯಾಟಿಂಗ್ ಯಾಕೆ ಕೆಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಚರ್ ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಹತ್ತಿರ ಬರಲು ಸುಮಾರು 0.4 ಸೆಕೆಂಡ್ ಬೇಕು. ವಯಸ್ಸಾದವನ ಕೈ ಒಂಚೂರು ನಿಧಾನವಾಗುತ್ತದೆ. ಅದನ್ನು ಸರಿದೂಗಿಸಲು ಅವನು ಬ್ಯಾಟ್ ಬೀಸುವ ನಿರ್ಧಾರವನ್ನು ಬೇಗ ಮಾಡುತ್ತಾನೆ. ಊಹೆ ಮಾಡಿ ಹೊಡೆಯುತ್ತಾನೆ ಅನ್ನಿ. ಚೆಂಡು ನೇರವಾಗಿ ಬಂದರೆ ಸರಿ, ಈಗಲೂ ಗ್ಯಾಲರಿಗೆ ಹೋಗುತ್ತದೆ. ಆದರೆ ಸ್ಲೈಡರ್ ಬಂದು ಹೊರಗೆ ತಿರುಗಿದರೆ ಗಾಳಿಗೆ ಬೀಸಿ ನಿಲ್ಲುತ್ತಾನೆ. ಹಾಗಾಗಿ ಮುದಿ ಬ್ಯಾಟರ್ ಒಂದೇ ಸಲ ಹಾಳಾಗುವುದಿಲ್ಲ. ಹೋಮ್ ರನ್ ಆಗೀಗ ಬರುತ್ತಲೇ ಇರುತ್ತದೆ, ಬಾಕಿ ಎಲ್ಲ ಹೋಗುತ್ತದೆ. ಆ ಆಗೀಗಿನ ಹೋಮ್ ರನ್ ನೋಡಿಯೇ ನಾವು ಮೋಸ ಹೋಗುವುದು.

2017ರ ಸೀಸನ್ ನೆನಪಿದೆಯಾ? ಪುಹೋಲ್ಸ್ ಬ್ಯಾಟಿನಿಂದ 101 ರನ್ ತಂಡಕ್ಕೆ ಬಂತು. ಇಲ್ಲಿನ ಭಾಷೆಯಲ್ಲಿ 101 ಆರ್‌ಬಿಐ. ಭಕ್ತರೆಲ್ಲ ಆ ಅಂಕಿ ಹಿಡಿದು ಕುಣಿದರು. ಅವನ ಸರಾಸರಿ ಮಾತ್ರ .241. ಹೆಚ್ಚಾಗಿ ಅವನಿಗಿಂತ ಮುಂಚೆ ಆಡುತ್ತಿದ್ದವನು ಟ್ರೌಟ್. ಇವನು ಬ್ಯಾಟ್ ಹಿಡಿದು ಬರುವ ಹೊತ್ತಿಗೆ ಬೇಸ್ ಮೇಲೆ ಯಾರಾದರೂ ಇದ್ದೇ ಇರುತ್ತಿದ್ದರು. ಅಲ್ಲಿ ಯಾರನ್ನು ನಿಲ್ಲಿಸಿದ್ದರೂ ಒಂದಿಷ್ಟು ರನ್ ಬರುತ್ತಿತ್ತು. ಎಲ್ಲ ಲೆಕ್ಕ ಹಾಕಿದ ಮೇಲೆ ಅವನ ವಾರ್ ಅಂಕಿ ಸೊನ್ನೆಗಿಂತ ಕೆಳಗಿತ್ತು. ಕನಿಷ್ಠ ಸಂಬಳಕ್ಕೆ ಸಿಗುವ ಒಬ್ಬ ಸಾಧಾರಣ ಆಟಗಾರ ಆ ಜಾಗದಲ್ಲಿ ಇದ್ದಿದ್ದರೂ ತಂಡಕ್ಕೆ ಅದಕ್ಕಿಂತ ಜಾಸ್ತಿ ಲಾಭ ಆಗುತ್ತಿತ್ತು ಅಂತ ಅದರ ಅರ್ಥ. ಆದರೂ ಅವನು ಮೂರನೇ, ನಾಲ್ಕನೇ ಕ್ರಮಾಂಕದಲ್ಲೇ, ಅಂದರೆ ತಂಡದ ದೊಡ್ಡ ಹೊಡೆತಗಾರರ ಜಾಗದಲ್ಲೇ. ಯಾಕೆ? ಸಂಬಳ ಅಷ್ಟಿದೆ, ಹೆಸರು ಅಷ್ಟಿದೆ, ಕೆಳಗೆ ಇಳಿಸೋದು ಹೇಗೆ ಅನ್ನುವ ಸಂಕೋಚ.

ಪುಹೋಲ್ಸ್ ಹತ್ತು ಸೀಸನ್ ಏಂಜಲ್ಸ್‌ನಲ್ಲಿ ಇದ್ದ. ಅಷ್ಟರಲ್ಲಿ ತಂಡ ಪ್ಲೇಆಫ್‌ಗೆ ಹೋಗಿದ್ದು ಒಂದೇ ಸಲ, 2014ರಲ್ಲಿ. ಅಲ್ಲೂ ಒಂದು ಪಂದ್ಯ ಗೆಲ್ಲದೆ ವಾಪಸ್ ಬಂತು. ಎಲ್ಲ ಪಾಪ ಅವನೊಬ್ಬನ ತಲೆಗೆ ಕಟ್ಟುವುದು ತಪ್ಪು. ಪಿಚಿಂಗ್ ಅನ್ನುವುದು ನಮ್ಮಲ್ಲಿ ಇರಲೇ ಇಲ್ಲ. 

ಈಗ ದುಡ್ಡಿನ ವಿಷಯ. ಜನ ಇಲ್ಲೇ ಎಡವುವುದು. ಈ ಲೀಗಿನಲ್ಲಿ ಆಟಗಾರ ಮೊದಲ ಆರು ವರ್ಷ ತನ್ನ ತಂಡಕ್ಕೇ ಕಟ್ಟುಬಿದ್ದಿರಬೇಕು. ಶುರುವಿನ ವರ್ಷಗಳಲ್ಲಿ ಹೆಚ್ಚೂಕಮ್ಮಿ ಕನಿಷ್ಠ ಸಂಬಳ. ಪುಹೋಲ್ಸ್ 2001ರಲ್ಲಿ 37 ಹೋಮ್ ರನ್ ಹೊಡೆದಾಗ ಸಿಕ್ಕಿದ್ದು 2 ಲಕ್ಷ ಡಾಲರ್. 2021ರಲ್ಲಿ .198 ಸರಾಸರಿಯಲ್ಲಿ ಆಡುತ್ತಿದ್ದಾಗ ವರ್ಷದ ಸಂಬಳ 3 ಕೋಟಿ ಡಾಲರ್. ಅವನನ್ನು ಬೈಯುವವರು ಎರಡನೇ ಅಂಕಿ ಮಾತ್ರ ಹೇಳುತ್ತಾರೆ. ಯೌವನದಲ್ಲಿ ಕೊಡದೇ ಉಳಿಸಿಕೊಂಡಿದ್ದನ್ನು ಮುಪ್ಪಿನಲ್ಲಿ ಕೊಡುವ ಪದ್ಧತಿ ಇದು. ಕೊಟ್ಟ ತಂಡ ಬೇರೆ, ಲಾಭ ಪಡೆದ ತಂಡ ಬೇರೆ, ಅಷ್ಟೇ ಎಡವಟ್ಟು. ಸಹಿ ಹಾಕಿದ ದಿನವೇ ಏಂಜಲ್ಸ್ ಮಾಲೀಕರಿಗೆ ಕೊನೆಯ ವರ್ಷಗಳು ಹೇಗಿರುತ್ತವೆ ಅಂತ ಗೊತ್ತಿತ್ತು. ಆಟಗಾರ ಅದಕ್ಕೆ ಯಾಕೆ ನಾಚಬೇಕು?

ಆದರೆ ಆ ದುಡ್ಡು ಬ್ಯಾಟಿಂಗ್ ಕ್ರಮವನ್ನು ಬರೆಯಬಾರದು. ಇದು ನನ್ನ ವಾದ. ಸಂಬಳ ಒಂದು, ಮರ್ಯಾದೆ ಒಂದು, ಕ್ರೀಸಿಗೆ ಹೋಗುವ ಅವಕಾಶ ಇನ್ನೊಂದು. ಮೊದಲ ಎರಡನ್ನು ಧಾರಾಳವಾಗಿ ಕೊಡಿ. ಮೂರನೆಯದನ್ನು ಇವತ್ತಿನ ಆಟ ನೋಡಿ ಕೊಡಿ. ಮೂರನ್ನೂ ಒಂದೇ ಗಂಟು ಕಟ್ಟಿದರೆ ಮುದಿ ಆಟಗಾರನಿಗೂ ಅನ್ಯಾಯ, ತಂಡಕ್ಕೂ ಅನ್ಯಾಯ.

ಇದು ಸುಮ್ನೆ ಬಾಯಿ ಮಾತಲ್ಲ, ಪುರಾವೆ ಪುಹೋಲ್ಸ್‌ನೇ ಕೊಟ್ಟ. 2021ರ ಮೇ 6ರಂದು ಏಂಜಲ್ಸ್ ಅವನನ್ನು ಕೈಬಿಟ್ಟಿತು. ಅವನಿಗೆ ದಿನಾ ಫಸ್ಟ್ ಬೇಸ್‌ನಲ್ಲಿ ಆಡಬೇಕಿತ್ತು. ಅಲ್ಲಿ ಜೇರೆಡ್ ವಾಲ್ಷ್ ಚೆನ್ನಾಗಿ ಆಡುತ್ತಿದ್ದ. ಬರೀ ಬ್ಯಾಟ್ ಮಾಡುವ ಡಿಎಚ್ ಜಾಗದಲ್ಲಿ ಜಪಾನಿನ ಸ್ಟಾರ್ ಒಹ್ತಾನಿ ಇದ್ದ. ಹತ್ತು ವರ್ಷ ಕೇಳಿದ್ದನ್ನೆಲ್ಲ ಕೊಟ್ಟು, ಕೊನೆಗೆ ಸೀಸನ್ ಮಧ್ಯೆ ಬಾಗಿಲು ತೋರಿಸಿದರು. ಕೆಲವೇ ದಿನದಲ್ಲಿ ಪಕ್ಕದ ಲಾಸ್ ಏಂಜಲಿಸ್ ಡಾಡ್ಜರ್ಸ್ ಅವನನ್ನು ಕನಿಷ್ಠ ಸಂಬಳಕ್ಕೆ ಎತ್ತಿಕೊಂಡಿತು. ಅಲ್ಲಿ ಹೆಚ್ಚಾಗಿ ಎಡಗೈ ಪಿಚರ್ ಬಂದಾಗ ಆಡಿಸಿದರು (ಇವನಂಥ ಬಲಗೈ ಬ್ಯಾಟರ್‌ಗೆ ಅವರ ಚೆಂಡು ಸುಲಭ), ಬಾಕಿ ದಿನ ಹೆಚ್ಚಾಗಿ ಬೆಂಚ್. ಹುಡುಗರು ಅವನನ್ನು ಸ್ಪ್ಯಾನಿಷ್‌ನಲ್ಲಿ ತಿಯೋ ಆಲ್ಬರ್ಟ್ ಅಂದರು, ನಮ್ಮ ಆಲ್ಬರ್ಟ್ ಮಾಮ ಅನ್ನೋ ಹಾಗೆ. 12 ಹೋಮ್ ರನ್ ಹೊಡೆದ. ಸಂಬಳ ನಮ್ಮದು, ಹೋಮ್ ರನ್ ಅವರದು!

ಮುಂದಿನ ವರ್ಷ ಹಳೇ ಮನೆ ಸೇಂಟ್ ಲೂಯಿಸ್‌ಗೆ ಹೋದ. 25 ಲಕ್ಷ ಡಾಲರ್‌ಗೆ, ಒಂದೇ ವರ್ಷಕ್ಕೆ. ಅಲ್ಲಿನ ಮ್ಯಾನೇಜರ್ ಒಲಿವರ್ ಮಾರ್ಮೊಲ್ ಹುಟ್ಟಿದ್ದು 1986ರಲ್ಲಿ. ಪುಹೋಲ್ಸ್‌ಗಿಂತ ಆರು ವರ್ಷ ಚಿಕ್ಕವನು. ತನಗಿಂತ ಹಿರಿಯನಾದ, ಆ ಊರಿನಲ್ಲಿ ದೇವರಂಥ ಮನುಷ್ಯನನ್ನು ಇವತ್ತು ನೀನು ಬೆಂಚ್ ಮೇಲೆ ಕೂತ್ಕೋ ಅಂತ ಅವನು ಕೂರಿಸಿದ. ಪುಹೋಲ್ಸ್ ಕೂತ. ಶುರುವಿನಲ್ಲಿ ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಆಡಿಸಿದರು. ಸೀಸನ್ ಮಧ್ಯದ ಆಲ್‌ಸ್ಟಾರ್ ಬಿಡುವಿನವರೆಗೆ ಬರೀ 6 ಹೋಮ್ ರನ್. ಅದಾದ ಮೇಲೆ 18. ಸೆಪ್ಟೆಂಬರ್ 23ರಂದು ಡಾಡ್ಜರ್ಸ್ ಮೈದಾನದಲ್ಲೇ ಒಂದೇ ಪಂದ್ಯದಲ್ಲಿ ತನ್ನ ಜೀವಮಾನದ 699 ಮತ್ತು 700ನೇ ಹೋಮ್ ರನ್. ಒಟ್ಟು 703ಕ್ಕೆ ಮುಗಿಸಿದ. ಕಾರ್ಡಿನಲ್ಸ್ ತನ್ನ ಡಿವಿಷನ್ ಕೂಡ ಗೆದ್ದಿತು. ಪ್ರದರ್ಶನಕ್ಕೆ ಇಟ್ಟ ಬೊಂಬೆ ಆಗಿರಲಿಲ್ಲ ಅವನು, ಕೆಲಸ ಮಾಡಿದ.

ಅದೇ ಕಾಲು, ಅದೇ ಕೈ, ವಯಸ್ಸು ಮಾತ್ರ ಒಂದು ವರ್ಷ ಜಾಸ್ತಿ. 3 ಕೋಟಿಯ ಪುಹೋಲ್ಸ್ ಹೊರೆ, 25 ಲಕ್ಷದ ಪುಹೋಲ್ಸ್ ಹಬ್ಬ. ಬದಲಾಗಿದ್ದು ಏನು? ಅವನಿಂದ ಏನು ಕೇಳಿದರು ಅನ್ನುವುದು. ಇಲ್ಲಿ ಅವನಿಂದ 2006ನೇ ಇಸವಿಯನ್ನು ಕೇಳುತ್ತಿದ್ದರು. ಅಲ್ಲಿ ಮಂಗಳವಾರದ ಒಬ್ಬ ಎಡಗೈ ಪಿಚರ್‌ನನ್ನು ನೋಡಿಕೋ ಅಂದರು.

"ಅಷ್ಟು ಮಾಡಿದವನು, ತನಗೆ ಬೇಕಾದ ಹಾಗೆ ಹೋಗಲಿ ಬಿಡ್ರೀ" ಅನ್ನುವವರು ಇದ್ದಾರಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬೇಸ್‌ಬಾಲ್‌ನಲ್ಲಿ ಜಾಗ 26 ಜನಕ್ಕೆ ಮಾತ್ರ. 2014ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಡೆರೆಕ್ ಜೀಟರ್ 40ರ ವಯಸ್ಸಿನಲ್ಲಿ .256 ಸರಾಸರಿಯಲ್ಲಿ ಆಡುತ್ತಾ ಹೆಚ್ಚೂಕಮ್ಮಿ ಇಡೀ ವರ್ಷ ಎರಡನೇ ಕ್ರಮಾಂಕದಲ್ಲೇ ಇದ್ದ. ಕೊನೆಯ ತವರು ಪಂದ್ಯವನ್ನು ಅವನೇ ಕೊನೆಯ ಹಿಟ್ ಹೊಡೆದು ಗೆಲ್ಲಿಸಿದ. ನಾನೂ ಟೀವಿ ಮುಂದೆ ಚಪ್ಪಾಳೆ ಹೊಡೆದೆ. ಯಾಂಕೀಸ್ ಮಾತ್ರ ಪ್ಲೇಆಫ್‌ಗೆ ಹೋಗಲಿಲ್ಲ. ನಮ್ಮ ತಂಡದ ಹುಡುಗರು ಕಾಯುವುದು ಯೂಟಾ ರಾಜ್ಯದಲ್ಲಿ, ದೊಡ್ಡ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್ ಎ ತಂಡದಲ್ಲಿ. ಅಲ್ಲಿನ 24ರ ಹುಡುಗನಿಗೂ ಒಂದೇ ಯೌವನ ಇರುವುದು. ಅವನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವನ ಪರ ಯಾರೂ ಜಗಳ ಆಡುವುದಿಲ್ಲ.

ಇನ್ನು ಆ ಕಡೆಯವರು. ಹಳೇ ಕಾಲದ ಸ್ಟಾರ್ ವಿಲ್ಲಿ ಮೇಸ್ ಹಾಗೆ ಆಗೋದು ಬೇಡ, ಮುಂಚೆಯೇ ಕಳಿಸಿಬಿಡಿ ಅನ್ನುತ್ತಾರೆ. 1973ರ ವರ್ಲ್ಡ್ ಸೀರೀಸ್‌ನಲ್ಲಿ 42ರ ಮೇಸ್ ಓಕ್ಲೆಂಡ್ ಬಿಸಿಲಿನಲ್ಲಿ ಚೆಂಡು ಕಾಣದೆ ಮುಗ್ಗರಿಸಿ ಬಿದ್ದ. ಐವತ್ತು ವರ್ಷದಿಂದ ಮುದಿ ಆಟಗಾರರ ಬಗ್ಗೆ ಮಾತು ಬಂದಾಗೆಲ್ಲ ಆ ದೃಶ್ಯವನ್ನೇ ಎಳೆದು ತರುತ್ತಾರೆ. ಅದೇ ಪಂದ್ಯದ 12ನೇ ಇನಿಂಗ್ಸ್‌ನಲ್ಲಿ ಮೆಟ್ಸ್ ತಂಡವನ್ನು ಮುಂದೆ ತಂದ ಹಿಟ್ ಯಾರದ್ದು ಅಂತ ಮಾತ್ರ ಹೇಳುವುದಿಲ್ಲ. ಮೇಸ್‌ದೇ! ಅವನ ಕೊನೆಯ ಹಿಟ್ ಅದು. ಸೆಂಟರ್ ಫೀಲ್ಡ್‌ನಲ್ಲಿ ಓಡುವ ಕಾಲು ಹೋಗಿತ್ತು, ಒಂದು ಹಿಟ್ ಹೊಡೆಯುವ ಕೈ ಉಳಿದಿತ್ತು. ಎರಡನ್ನೂ ಬೇರೆ ಮಾಡಿ ನೋಡುವುದು ಮ್ಯಾನೇಜರ್ ಕೆಲಸ.

ಮರ್ಯಾದೆ ತೋರಿಸಲು ದಾರಿ ಬೇಕಾದಷ್ಟಿದೆ. 2018ರ ಮೇ ತಿಂಗಳಲ್ಲಿ ಸಿಯಾಟಲ್ ಮ್ಯಾರಿನರ್ಸ್ ಜಪಾನಿನ 44ರ ಇಚಿರೊನನ್ನು ಆಡುವವರ ಪಟ್ಟಿಯಿಂದ ತೆಗೆದು ಸಲಹೆಗಾರನ ಕೆಲಸ ಕೊಟ್ಟಿತು. ತಂಡದ ಜೊತೆಯೇ ಇದ್ದ, ಅಭ್ಯಾಸ ಮಾಡುತ್ತಲೇ ಇದ್ದ. 2019ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಎರಡು ಪಂದ್ಯ ಆಡಿ, ತನ್ನ ಜನರ ಮುಂದೆ ಬೀಳ್ಕೊಂಡ. 2022ರ ಆಲ್‌ಸ್ಟಾರ್ ಪಂದ್ಯಕ್ಕೆ ಪುಹೋಲ್ಸ್ ಮತ್ತು ಅವನಂಥದೇ ಹಿರಿಯ ಮಿಗೆಲ್ ಕಬ್ರೇರಾ ಇಬ್ಬರನ್ನೂ ಲೀಗಿನ ಕಮಿಷನರ್ ವಿಶೇಷವಾಗಿ ಸೇರಿಸಿದ. ಯಾರ ಜಾಗವನ್ನೂ ಕಿತ್ತುಕೊಳ್ಳದೆ, ಹೆಚ್ಚುವರಿಯಾಗಿ. ಡೆಟ್ರಾಯಿಟ್‌ನಲ್ಲಿ ಕಬ್ರೇರಾ 2023ರ ಕೊನೆಯ ದಿನ ಫಸ್ಟ್ ಬೇಸ್‌ಗೆ ಹೋಗಿ, ತನ್ನ ಕಡೆ ಬಂದ ಒಂದು ಚೆಂಡು ಹಿಡಿದು ಔಟ್ ಮಾಡಿ, ಹೊರಗೆ ಬಂದ. ಅಷ್ಟೇ. ಯಾರಿಗೆ ನಷ್ಟ ಆಯಿತು ಹೇಳಿ?

ಮೈಸೂರಿನಿಂದ ಬಂದಿದ್ದ ನಮ್ಮಪ್ಪ ಇದನ್ನೆಲ್ಲ ಕೇಳಿ ನಕ್ಕರು. ರಾಜ್ಯ ಸರ್ಕಾರದ ನೌಕರಿ ಮುಗಿಸಿದವರು. "60 ಆಯ್ತಾ, ಹಾರ ಹಾಕಿದರು, ಮನೆಗೆ ಬಂದೆ. ನಿಮ್ಮ ಆಟದಲ್ಲಿ ಇಂಥದ್ದೊಂದು ರೂಲ್ಸ್ ಇಲ್ವೇನೋ?" ಅಂದರು. ಇಲ್ಲ ಅಪ್ಪ. ಅದಕ್ಕೇ ಯಾರಾದರೂ ಬಾಯಿ ಬಿಟ್ಟು ಹೇಳಬೇಕಾಗುತ್ತದೆ, ಮತ್ತು ಹೇಳಲು ಯಾರಿಗೂ ಧೈರ್ಯ ಇರುವುದಿಲ್ಲ. ಚೆನ್ನೈನವರಿಗೆ ಧೋನಿ ವಿಷಯದಲ್ಲಿ ಇದೇ ಪಾಡು. 2025ರಲ್ಲಿ ಚೆಪಾಕ್‌ನಲ್ಲಿ ನಮ್ಮ ಆರ್‌ಸಿಬಿ ಎದುರು ಅವನು 9ನೇ ಕ್ರಮಾಂಕದಲ್ಲಿ ಬಂದಾಗ ನಾವು ನಕ್ಕಿದ್ದೇ ನಕ್ಕಿದ್ದು. ಪಂದ್ಯ ಗೆದ್ದವರು ನಾವು, ನಗೋದಕ್ಕೇನು ಕಷ್ಟ ಅಲ್ವಾ!

ಸರಿ, ಟ್ರೌಟ್. ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವ ಹಾಗಿಲ್ಲ, ಒಪ್ಪಂದದಲ್ಲೇ ಇದೆ. ಹಾಗಾಗಿ ಮಾರಿಬಿಡಿ ಅನ್ನುವ ಮಾತು ಬಿಡಿ. ಆ .232 ಪಕ್ಕದಲ್ಲಿ ಇನ್ನೊಂದು ಅಂಕಿ ಇದೆ, .359. ಹಿಟ್, ವಾಕ್ (ಕೆಟ್ಟ ಚೆಂಡುಗಳನ್ನು ಬಿಟ್ಟು ಪುಕ್ಕಟೆ ಬೇಸ್ ಪಡೆಯುವುದು) ಎಲ್ಲ ಸೇರಿ ಬೇಸ್ ಸೇರಿದ ಲೆಕ್ಕ. ಸ್ಟ್ರೈಕ್‌ಔಟ್, ಅಂದರೆ ಚೆಂಡು ತಾಗಿಸದೆ ಔಟಾಗುವುದು, ಜಾಸ್ತಿಯಾಗಿದೆ, ಆದರೆ ಕೆಟ್ಟ ಚೆಂಡನ್ನು ಬಿಡುವ ಕಣ್ಣು ಇನ್ನೂ ಇದೆ. ಅದನ್ನು ಬಳಸಿಕೊಳ್ಳಿ. ಅವನು ಡಿಎಚ್ ಆಗಿ ಇರಲಿ, ಕಷ್ಟದ ಬಲಗೈ ಪಿಚರ್ ಬಂದ ದಿನ ಕೂರಲಿ, 162 ಪಂದ್ಯದಲ್ಲಿ 110 ಆಡಿದರೂ ಸಾಕು. ಔಟ್‌ಫೀಲ್ಡ್‌ಗೆ ಹೋಗ್ತೀನಿ ಅಂತ ಅವನು ಹಟ ಹಿಡಿದರೆ ಬೇಡ ಅನ್ನಿ. ಮಂಡಿ ಎಷ್ಟು ಸಲ ಕೊಯ್ಯಿಸಿಕೊಂಡಾಗಿದೆ! ಮತ್ತೆ ಇದನ್ನು ಸೀಸನ್ ಮಧ್ಯೆ ಸೋಲಿನ ಸಿಟ್ಟಿನಲ್ಲಿ ಹೇಳಬೇಡಿ. ಫೆಬ್ರವರಿಯಲ್ಲಿ, ಅರಿಜೋನಾದ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ ಕೂರಿಸಿಕೊಂಡು, ಮುಖ ನೋಡಿ ಹೇಳಿ. ಏಂಜಲ್ಸ್ ಆಡಳಿತದವರಿಗೆ ಅಷ್ಟು ಮಾಡಲು ಬರುತ್ತದೆ ಅನ್ನುವ ನಂಬಿಕೆ ನನಗಂತೂ ಇಲ್ಲ. ಪುಹೋಲ್ಸ್‌ಗೆ ಅದನ್ನು ಹೇಳಲು ಅವರು ತೆಗೆದುಕೊಂಡಿದ್ದು ಹತ್ತು ಸೀಸನ್.